ಮೈಕಿನ ಮುಂದೆ ಒಂದು ಹೆಸರು

ಬಾಕ್ಸಿಂಗ್ ರಿಂಗಿನೊಳಗೆ ಇಬ್ಬರು ಹೊಡೆದಾಡುತ್ತಾರೆ. ಹಗ್ಗದ ಈಚೆ ಒಬ್ಬ ಮೈಕು ಹಿಡಿದು ಕೂತಿರುತ್ತಾನೆ. ಒಳಗಿನವರ ಹುಬ್ಬು ಒಡೆದು ರಕ್ತ ಸುರಿಯುವಾಗ ಇವನ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರುವುದಿಲ್ಲ. ಆದರೆ ಗೆದ್ದವನು ಎಂಥವನು, ಬಿದ್ದವನು ಎಂಥವನು ಅಂತ ಮನೆಯಲ್ಲಿ ಕೂತ ಲಕ್ಷಾಂತರ ಜನಕ್ಕೆ ಗೊತ್ತಾಗೋದು ಇವನ ಬಾಯಿಂದ. ಆದ್ದರಿಂದ ಬಾಕ್ಸಿಂಗಿನ ಚರಿತ್ರೆಯಲ್ಲಿ ಏಟುಗಳ ಲೆಕ್ಕ ಮಾತ್ರ ಇಟ್ಟರೆ ಸಾಲದು, ಮಾತಿನ ಲೆಕ್ಕವನ್ನೂ ಇಡಬೇಕು.

ಅಮೆರಿಕದಲ್ಲಿ ಈ ಮಾತು ಬಹುಕಾಲ ಬಿಳಿಯರ ಕೈಯಲ್ಲೇ ಇತ್ತು. 1908ರಲ್ಲಿ ಜ್ಯಾಕ್ ಜಾನ್ಸನ್ ಎಂಬ ಕಪ್ಪು ಮನುಷ್ಯ ಸಿಡ್ನಿಯಲ್ಲಿ ಹೆವಿವೇಟ್ ಪಟ್ಟ ಗೆದ್ದಾಗ ರಿಂಗಿನ ಪಕ್ಕ ಕೂತು ವರದಿ ಬರೆದವನು ಜ್ಯಾಕ್ ಲಂಡನ್. ಸಮಾಜವಾದಿ, ಬಡವರ ಪರ ಅಂತ ಹೆಸರಾದ ಕತೆಗಾರ. ಅಂಥವನು ಬರೆದದ್ದೇನು? ನಿವೃತ್ತನಾಗಿದ್ದ ಬಿಳಿಯ ಚಾಂಪಿಯನ್ ಜೆಫ್ರೀಸ್ ಹೊಲಬಿಟ್ಟು ಎದ್ದು ಬಂದು ಜಾನ್ಸನ್ನನ ಮುಖದ ಮೇಲಿನ ನಗು ಅಳಿಸಬೇಕು ಅಂತ. ಜೆಫ್ರೀಸ್ ಬಂದ. 1910ರ ಜುಲೈ 4ರಂದು ರೀನೋದಲ್ಲಿ ಸೋತ. ಆ ಸೋಲಿನ ಸಿಟ್ಟಿಗೆ ಹಲವು ಊರುಗಳಲ್ಲಿ ಕಪ್ಪು ಜನರ ಮೇಲೆ ದಾಳಿಯಾಯಿತು, ಹೆಣಗಳು ಬಿದ್ದವು.

ಇದಾಗಿ ಅರ್ಧ ಶತಮಾನದ ಮೇಲೆ ರಿಂಗಿನ ಪಕ್ಕದ ಕುರ್ಚಿಗೆ ಬಂದು ಕೂತವನು ಹೋವರ್ಡ್ ಕೊಸೆಲ್. 1918ರಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದವನು. ಹುಟ್ಟಿದಾಗಿನ ಹೆಸರು ಕೋಹೆನ್. ಅಜ್ಜನ ಕಾಲದ ಪೋಲಿಷ್ ಹೆಸರಿನ ಕಡೆಗೆ ಮರಳಿದೆ ಅಂತ ಆಮೇಲೆ ಕೊಸೆಲ್ ಆದ. ಕಾನೂನು ಓದಿದ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಸಾಗಣೆ ವಿಭಾಗ ಸೇರಿ ಮೇಜರ್ ಆದ. ಯುದ್ಧ ಮುಗಿದ ಮೇಲೆ ವಕೀಲಿ ಹಿಡಿದ. ಮಕ್ಕಳ ಬೇಸ್‌ಬಾಲ್ ಸಂಘವೊಂದರ ವಕೀಲನಾಗಿದ್ದಾಗ ಎಬಿಸಿ ರೇಡಿಯೋದ ಬಾಗಿಲು ತೆರೆಯಿತು. 1956ರಲ್ಲಿ ಕರಿಕೋಟು ಕಳಚಿಟ್ಟು ಪೂರ್ತಿ ಮೈಕಿಗೇ ಬಂದ. ಮೂಗಿನಿಂದ ಹೊರಡುವ ದನಿ, ತಲೆ ಮೇಲೆ ಸುಳ್ಳುಗೂದಲು, ಕೋರ್ಟಿನಲ್ಲಿ ವಾದಿಸುವಂಥ ಉದ್ದುದ್ದ ಮಾತು. ಟೀವಿಗೆ ಬೇಕಾದ ಚೆಲುವು ಯಾವುದೂ ಅವನಲ್ಲಿರಲಿಲ್ಲ.

1964ರ ಫೆಬ್ರವರಿ 25ರಂದು ಮಯಾಮಿ ಬೀಚಿನಲ್ಲಿ 22 ವರ್ಷದ ಕ್ಯಾಸಿಯಸ್ ಕ್ಲೇ ಸನ್ನಿ ಲಿಸ್ಟನ್ನನನ್ನು ಸೋಲಿಸಿ ಚಾಂಪಿಯನ್ ಆದ. ಕೆಲವೇ ದಿನಗಳಲ್ಲಿ ಅವನ ಹೆಸರು ಮಹಮ್ಮದ್ ಅಲಿ ಎಂದಾಯಿತು. ಕ್ಲೇ ಅನ್ನೋದು ಗುಲಾಮಿ ಹೆಸರು, ಅದು ನನ್ನದಲ್ಲ ಅಂದ. ದೊಡ್ಡ ದೊಡ್ಡ ಪತ್ರಿಕೆಗಳು ಒಪ್ಪಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಕೂಡ ವರ್ಷಗಟ್ಟಲೆ ಕ್ಲೇ ಅಂತಲೇ ಅಚ್ಚು ಹಾಕಿತು. ಸಿನಿಮಾ ನಟರು ಹೆಸರು ಬದಲಿಸಿಕೊಂಡರೆ ಮರುದಿನವೇ ಒಪ್ಪುವ ಪತ್ರಿಕೆಗಳಿಗೆ ಈ ಒಂದು ಹೆಸರು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಜರಿ ಪುಸ್ತಕದ ಹೆಸರು ಬಿಟ್ಟು ಕೇರಿಯ ಹೆಸರಿನಿಂದ ಕರೆಸಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ಅವನನ್ನು ಅಲಿ ಅಂತ ಕರೆದ ಮೊದಲ ಕೆಲವರಲ್ಲಿ ಕೊಸೆಲ್ ಒಬ್ಬ. ಮೈಕಿನ ಮುಂದೆ, ದೇಶವೆಲ್ಲ ಕೇಳುವಂತೆ ಕರೆದ. ಎರ್ನಿ ಟೆರೆಲ್ ಎಂಬ ಇನ್ನೊಬ್ಬ ಕಪ್ಪು ಬಾಕ್ಸರ್ ಹಟ ಹಿಡಿದು ಕ್ಲೇ ಅಂತಲೇ ಅಂದ. 1967ರ ಫೆಬ್ರವರಿ 6ರಂದು ಹ್ಯೂಸ್ಟನ್ನಿನಲ್ಲಿ 15 ಸುತ್ತು ಅಲಿ ಅವನನ್ನು ಹೊಡೆದ. ಹೊಡೆಯುತ್ತಾ ನನ್ನ ಹೆಸರೇನು ಹೇಳು, ಹೇಳು ಅಂತ ಕೇಳಿದ. ಆ ಏಟುಗಳಲ್ಲಿ ಕ್ರೌರ್ಯ ಇತ್ತು, ನಿಜ. ಆ ಪ್ರಶ್ನೆ ಟೆರೆಲ್ ಒಬ್ಬನಿಗೇ ಕೇಳಿದ್ದಲ್ಲ ಅನ್ನೋದೂ ಅಷ್ಟೇ ನಿಜ.

ಅದೇ ವರ್ಷ ಏಪ್ರಿಲ್ 28ರಂದು ಅಲಿ ವಿಯೆಟ್ನಾಂ ಯುದ್ಧದ ಸೈನ್ಯಕ್ಕೆ ಸೇರಲು ಒಲ್ಲೆ ಅಂದ. ಅಂದೇ ನ್ಯೂಯಾರ್ಕಿನ ಬಾಕ್ಸಿಂಗ್ ಅಧಿಕಾರಿಗಳು ಅವನ ಲೈಸೆನ್ಸ್ ಅಮಾನತು ಮಾಡಿ ಪಟ್ಟ ಕಿತ್ತುಕೊಂಡರು. ಆಗಿನ್ನೂ ವಿಚಾರಣೆ ಇಲ್ಲ, ತೀರ್ಪಿಲ್ಲ. ಶಿಕ್ಷೆ ಆದದ್ದು ಜೂನ್ 20ಕ್ಕೆ: 5 ವರ್ಷ ಜೈಲು, 10,000 ಡಾಲರ್ ದಂಡ. ಕೊಸೆಲ್ ಒಳಗಿನ ವಕೀಲ ಎದ್ದು ನಿಂತದ್ದು ಈ ಘಳಿಗೆಯಲ್ಲಿ. ಅವನ ವಾದ ಯುದ್ಧದ ಬಗ್ಗೆ ಆಗಿರಲಿಲ್ಲ, ಕಾನೂನಿನ ಬಗ್ಗೆ ಆಗಿತ್ತು. ವಿಚಾರಣೆಗೂ ಮುಂಚೆ ಒಬ್ಬ ಮನುಷ್ಯನ ಕಸುಬು ಕಿತ್ತುಕೊಳ್ಳೋದು ಯಾವ ಸಂವಿಧಾನದಲ್ಲಿದೆ ಅಂತ ಕೇಳಿದ. ಅವನ ಯೆಹೂದಿ ಹುಟ್ಟನ್ನೂ ಅಲಿಯ ಬಣ್ಣವನ್ನೂ ಸೇರಿಸಿ ಬೈದ ಕಾಗದಗಳು ಬಂದವು. ಮುಂದೆ 1971ರ ಜೂನ್ 28ರಂದು ಸುಪ್ರೀಂ ಕೋರ್ಟಿನ 8 ನ್ಯಾಯಾಧೀಶರು ಒಮ್ಮತದಿಂದ ಆ ಶಿಕ್ಷೆ ರದ್ದು ಮಾಡಿದರು. ಅಷ್ಟರಲ್ಲಿ ಅಲಿಯ ರಟ್ಟೆಯ ಮೂರೂವರೆ ವರ್ಷ ಹೋಗಿತ್ತು. ಅದನ್ನು ಯಾವ ಕೋರ್ಟು ವಾಪಸು ಕೊಟ್ಟೀತು?

1968ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಒಲಿಂಪಿಕ್ಸ್. 200 ಮೀಟರ್ ಓಟ ಗೆದ್ದ ಟಾಮಿ ಸ್ಮಿತ್, ಮೂರನೆಯವನಾದ ಜಾನ್ ಕಾರ್ಲೋಸ್ ಪದಕದ ಕಟ್ಟೆಯ ಮೇಲೆ ಕಪ್ಪು ಗವಸಿನ ಮುಷ್ಟಿ ಎತ್ತಿದರು. ಅವರಿಗೆ ಬೈಯಲು ಜಗತ್ತು ತುದಿಗಾಲಲ್ಲಿತ್ತು. ಕೊಸೆಲ್ ಸ್ಮಿತ್‌ನ ಮುಂದೆ ಮೈಕು ಹಿಡಿದು, ಇದರ ಅರ್ಥವೇನು ಅಂತ ಕೇಳಿದ. ಸ್ಮಿತ್ ಹೇಳಿದ: ಎತ್ತಿದ ಬಲಗೈ ಕಪ್ಪು ಅಮೆರಿಕದ ಶಕ್ತಿ, ಕಾರ್ಲೋಸನ ಎಡಗೈ ಅದರ ಒಗ್ಗಟ್ಟು, ಬೂಟಿಲ್ಲದ ಕಾಲು ಬಡತನ. ಆ ಹೊತ್ತು ಕೊಸೆಲ್ ತನ್ನ ಉದ್ದ ನಾಲಿಗೆ ಬಿಗಿಹಿಡಿದು ಕೇಳಿಸಿಕೊಂಡ. ಅವನು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಅಂತ ನನಗನ್ನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅವನನ್ನು ದೇವರು ಮಾಡಿದಂತಾಗುತ್ತದೆ. ಅವನೇನು ದೇವರಲ್ಲ. 1970ರಿಂದ ಸೋಮವಾರ ರಾತ್ರಿಯ ಫುಟ್‌ಬಾಲಿನ ಟೀವಿ ಕಾರ್ಯಕ್ರಮಕ್ಕೆ ಹೋಗಿ ಮನೆಮಾತಾದ. 1971ರಲ್ಲಿ ವುಡಿ ಅಲೆನ್ನನ ‘ಬನಾನಾಸ್’ ಚಿತ್ರದಲ್ಲಿ ತನ್ನ ವೇಷವನ್ನೇ ತಾನು ಹಾಕಿದ: ಒಬ್ಬ ಅಧ್ಯಕ್ಷನ ಕೊಲೆಗೆ ಬಾಕ್ಸಿಂಗಿನ ಧಾಟಿಯಲ್ಲೇ ಕಾಮೆಂಟರಿ. ಅದು ತಮಾಷೆ. ಆದರೆ ಸಾವನ್ನೂ ಆಟ ಮಾಡಿ ಮಾರುವ ಕಸುಬನ್ನು ಅದು ಸರಿಯಾಗೇ ಹಿಡಿದಿತ್ತು. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಜಾರ್ಜ್ ಫೋರ್‌ಮನ್ ಜೋ ಫ್ರೇಜಿಯರನನ್ನು ಎರಡೇ ಸುತ್ತಿನಲ್ಲಿ 6 ಸಲ ಕೆಡವಿದಾಗ, ಬಿದ್ದ ಫ್ರೇಜಿಯರ್, ಬಿದ್ದ ಫ್ರೇಜಿಯರ್ ಅಂತ ಕೊಸೆಲ್ ಕೂಗಿದ ಕೂಗನ್ನು ಜನ ಇವತ್ತಿಗೂ ಅಣಕಿಸುತ್ತಾರೆ. ಬಿದ್ದವನ ನೋವು ಬಿದ್ದವನಿಗೆ. ಕೂಗಿದವನಿಗೆ ಖ್ಯಾತಿ.

ಆ ಕಸುಬಿನ ಮೇಲೆ ಅವನಿಗೇ ಹೇಸಿಕೆ ಹುಟ್ಟಿದ್ದು 1982ರಲ್ಲಿ. ನವೆಂಬರ್ 13ರಂದು ಲಾಸ್ ವೇಗಸ್ಸಿನಲ್ಲಿ ರೇ ಮಾನ್ಸಿನಿಯ ಎದುರು ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಸಾವಿನ ಸೂತಕ ಆರುವ ಮೊದಲೇ, ನವೆಂಬರ್ 26ರಂದು, ಹ್ಯೂಸ್ಟನ್ನಿನಲ್ಲಿ ಲ್ಯಾರಿ ಹೋಮ್ಸ್ ಟೆಕ್ಸ್ ಕಾಬ್ ಎಂಬವನನ್ನು 15 ಸುತ್ತೂ ಬಡಿದ. ರೆಫ್ರಿ ನಿಲ್ಲಿಸಲಿಲ್ಲ. ಇನ್ನು ವೃತ್ತಿ ಬಾಕ್ಸಿಂಗಿಗೆ ಕಾಮೆಂಟರಿ ಹೇಳುವುದಿಲ್ಲ ಅಂತ ಕೊಸೆಲ್ ಎದ್ದುಬಿಟ್ಟ. ಒಳ್ಳೆಯದೇ. ಆದರೆ ರಿಂಗಿನಿಂದ ಬರೋದೆಲ್ಲ ಬಂದ ಮೇಲೆ, 64ನೇ ವಯಸ್ಸಿನಲ್ಲಿ ಎದ್ದ.

ಮರುವರ್ಷ ಸೆಪ್ಟೆಂಬರ್ 5ರಂದು ಫುಟ್‌ಬಾಲ್ ಕಾಮೆಂಟರಿಯಲ್ಲಿ ಆಲ್ವಿನ್ ಗ್ಯಾರೆಟ್ ಎಂಬ ಕಪ್ಪು ಆಟಗಾರನನ್ನು ‘ಪುಟ್ಟ ಕೋತಿ’ ಅಂದ. ನಾಗರಿಕ ಹಕ್ಕುಗಳ ನಾಯಕ ಜೋಸೆಫ್ ಲೋವರಿ ಕ್ಷಮೆ ಕೇಳು ಅಂದರು. ಮೊಮ್ಮಕ್ಕಳನ್ನೂ ಹಾಗೇ ಕರೆಯುತ್ತೇನೆ ಅಂತ ಕೊಸೆಲ್ ಸಮಜಾಯಿಷಿ ಕೊಟ್ಟ. ಗ್ಯಾರೆಟ್ ತನಗೆ ನೋವಾಗಿಲ್ಲ ಅಂದ. ಇರಬಹುದು. ಆದರೆ ಕಪ್ಪು ಜನರ ಮೇಲೆ ನೂರಾರು ವರ್ಷ ಕಲ್ಲಿನಂತೆ ಎಸೆದ ಮಾತದು. ಮುದ್ದಿಗೆ ಎಸೆದರೂ ಕಲ್ಲು ಕಲ್ಲೇ. ಒಂದು ಹೆಸರಿನ ಮರ್ಯಾದೆ ಕಾದ ನಾಲಿಗೆಯೇ ಇನ್ನೊಬ್ಬನ ವಿಷಯದಲ್ಲಿ ಜಾರಿತು. ಆ ವರ್ಷದ ಪಂದ್ಯಗಳು ಮುಗಿದ ಮೇಲೆ ಅವನು ಸೋಮವಾರದ ಫುಟ್‌ಬಾಲ್ ಬಿಟ್ಟ. 1985ರಲ್ಲಿ ಸಹೋದ್ಯೋಗಿಗಳನ್ನೆಲ್ಲ ಜಾಡಿಸಿ ಪುಸ್ತಕ ಬರೆದು ಎಬಿಸಿಯಿಂದಲೂ ಹೊರಬಿದ್ದ. 1995ರ ಏಪ್ರಿಲ್ 23ರಂದು ಸತ್ತ.

ಗೆಳೆಯರೆ, ಅಲಿಗೆ ಹೆಸರು ಕೊಟ್ಟವನು ಕೊಸೆಲ್ ಅಲ್ಲ. ಅದಕ್ಕಾಗಿ ಪಟ್ಟ, ದುಡ್ಡು, ಪ್ರಾಯ ಕಳೆದುಕೊಂಡವನು ಅಲಿ. ಕೊಸೆಲ್ ತನ್ನ ಕುರ್ಚಿಯಲ್ಲೇ ಇದ್ದ. ಅವನು ಮಾಡಿದ್ದು ಇಷ್ಟೇ: ಮನುಷ್ಯನೊಬ್ಬ ನನ್ನ ಹೆಸರು ಇದು ಅಂದಾಗ ಆ ಹೆಸರನ್ನು ಗಟ್ಟಿಯಾಗಿ ಹೇಳಿದ. ಇಷ್ಟನ್ನೂ ಮಾಡದವರೇ ತುಂಬಿದ್ದ ಕಾಲದಲ್ಲಿ ಹೇಳಿದ ಅನ್ನೋದಕ್ಕೆ ಅದು ದೊಡ್ಡದಾಯಿತು.

ನಾಲ್ಕಕ್ಷರ ಕಲಿತು ಪೆನ್ನು ಹಿಡಿದ ನಾವೂ ಈಗ ಹಗ್ಗದ ಈಚೆ ಕೂತವರೇ. ಅಪ್ಪ ಅವ್ವ ಇನ್ನೂ ಒಳಗೆ ಏಟು ತಿನ್ನುತ್ತಿದ್ದಾರೆ. ಅವರ ಬಗ್ಗೆ ಬರೆದು ನಮಗೆ ಹೆಸರು ಬರುತ್ತಿದೆ. ಕೊಸೆಲ್‌ನ ಲೆಕ್ಕ ಕೇಳುವ ಮೊದಲು ನಮ್ಮ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳೋಣ.