ಲಕ್ವಾ, ಮೆದುಳಿನ ಚಿತ್ರ ಮತ್ತು ಮೂಕಪ್ರಾಣಿಗಳು

ನಮ್ಮ ಹಳಿಯಾಳದ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಭಾಷೆ ಯಾವುದಾದರೇನು, ಒಂದು ಪದ ಮಾತ್ರ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಒಂದೇ: ಲಕ್ವಾ. ಮೂಲದಲ್ಲಿ ಇದು ಅರಬ್ಬೀ ವೈದ್ಯಕದ ಶಬ್ದ. ಮುಖ ಒಂದು ಕಡೆಗೆ ಸೊಟ್ಟಗಾಗುವ ಬೇನೆಗೆ ಅಲ್ಲಿದ್ದ ಹೆಸರು. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಕೈಗೂ ಕಾಲಿಗೂ ಇಳಿಯಿತು. ಪದಕ್ಕಿಂತ ಹೆಚ್ಚು ಕುತೂಹಲದ್ದು ಅದರ ಜೊತೆಗೆ ಬರುವ ಕ್ರಿಯಾಪದ. ಜ್ವರ ಬರುತ್ತದೆ, ಕೆಮ್ಮು ಹತ್ತುತ್ತದೆ. ಲಕ್ವಾ ಮಾತ್ರ ಹೊಡೆಯುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳ ‘ಪಕ್ಷಾಘಾತ’ದಲ್ಲಿರುವುದೂ ಪೆಟ್ಟೇ, ಗ್ರೀಕರ ‘ಅಪೊಪ್ಲೆಕ್ಸಿ’ಯಲ್ಲಿರುವುದೂ ಪೆಟ್ಟೇ, ಇಂಗ್ಲಿಷಿನ ‘ಸ್ಟ್ರೋಕ್’ ಅಂತೂ ಪೆಟ್ಟಿಗೆ ನೇರವಾದ ಹೆಸರು. ದೂರದೂರದ ಜನಗಳಿಗೆಲ್ಲ ಕಾಣದ ಕೈಯೊಂದು ಬಂದು ಬಡಿದಂತೆ ತೋರಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆ ಕೈ ಯಾವುದು, ಅದು ಬಡಿದ ಜಾಗ ಯಾವುದು ಎಂಬುದನ್ನು ಕಂಡುಹಿಡಿಯಲು ಮನುಷ್ಯ ಪಟ್ಟ ಪಾಡು ಬಹಳ ದೀರ್ಘವಾದದ್ದು.

ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಎಂಬ ಊರಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್, ಹೀಗೆ ಬಿದ್ದು ಸತ್ತವರ ತಲೆಯನ್ನು ತೆರೆದು ನೋಡಿ, ಮೆದುಳಿನೊಳಗೆ ರಕ್ತ ಸುರಿದಿರುವುದನ್ನು ಕಂಡು, ೧೬೫೮ರಲ್ಲಿ ಗ್ರಂಥ ಬರೆದ. ನಾಳ ಒಡೆಯಬಹುದು, ಇಲ್ಲವೆ ಕಟ್ಟಿಕೊಳ್ಳಬಹುದು ಎಂಬ ಇಂದಿನ ತಿಳಿವಳಿಕೆಗೆ ಬುನಾದಿ ಅಲ್ಲಿಯದು. ಆರು ವರ್ಷದ ಮೇಲೆ, ೧೬೬೪ರಲ್ಲಿ, ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ ಮೆದುಳಿನ ಬುಡದಲ್ಲಿ ನಾಳಗಳು ಒಂದಕ್ಕೊಂದು ಕೂಡಿ ಬಳೆಯಂತೆ ಸುತ್ತಿರುವುದನ್ನು ವರ್ಣಿಸಿದ. ಆ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಮುಂದೆ ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಕೂಡ ಒಬ್ಬ. ಆದರೆ ಈ ಜ್ಞಾನವೆಲ್ಲ ಸ್ಮಶಾನದ ದಾರಿಯಲ್ಲಿ ಸಿಕ್ಕಿದ್ದು. ರೋಗಿ ಬದುಕಿರುವಾಗ ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ತೆರೆದಾಗ ಚಿಕಿತ್ಸೆಗೆ ರೋಗಿಯೇ ಇಲ್ಲ.

೧೮೯೫ರಲ್ಲಿ ರಂಟ್ಗೆನ್ನನ ಕಿರಣಗಳು ಬಂದುವು. ಅವು ಎಲುಬನ್ನು ತೋರಿಸಿದುವೇ ಹೊರತು ಮೆದುಳನ್ನಲ್ಲ. ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ನಾಳಗಳಿಗೆ ದ್ರಾವಣ ತುಂಬಿ ಅವುಗಳ ನೆರಳು ತೆಗೆದ. ನಿಜವಾಗಿ ಪೆಟ್ಟಿಗೆಯ ಮುಚ್ಚಳ ತೆಗೆದವನು ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಮ್.ಐ. ಕಂಪನಿಯ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಕಟುಕರ ಅಂಗಡಿಯಿಂದ ತಂದ ದನದ ಮೆದುಳಿನ ಮೇಲೆ ತನ್ನ ಯಂತ್ರವನ್ನು ಪರೀಕ್ಷಿಸಿಕೊಂಡು, ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಚಿತ್ರ ತೆಗೆಸಿದ. ಒಡೆದ ನಾಳದ ರಕ್ತ ಆ ಚಿತ್ರದಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ಕಟ್ಟಿದ ನಾಳದ ಹಾನಿ ಮಾತ್ರ ಮೊದಲ ಕೆಲವು ಗಂಟೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಹೆಚ್ಚಿನ ಲಕ್ವಾಗಳು ನಾಳ ಕಟ್ಟಿ ಆಗತಕ್ಕವು. ಉಪಾಯ ಮಾಡಲು ಸಾಧ್ಯವಿರುವುದೂ ಆ ಮೊದಲ ಗಂಟೆಗಳಲ್ಲೇ. ವಿಧಿಯ ಕೊಂಕು ಎಂದರೆ ಇದು.

ಈ ಕೊಂಕನ್ನು ಬಿಡಿಸಿದವು ಪ್ರಾಣಿಗಳು. ಮನುಷ್ಯನಲ್ಲಿ ನಾಳ ಯಾವ ಗಳಿಗೆಯಲ್ಲಿ ಕಟ್ಟಿತೆಂದು ಹೇಳುವುದು ಕಷ್ಟ. ಪ್ರಯೋಗಶಾಲೆಯಲ್ಲಿ ನಾಳವನ್ನು ಕಟ್ಟುವವನೇ ವೈದ್ಯನಾದ್ದರಿಂದ ಗಡಿಯಾರ ಅವನ ಕೈಯಲ್ಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ಲಂಡನ್ನಿನಲ್ಲಿ ಲಿಂಡ್ಸೆ ಸೈಮನ್, ಯೆನ್ಸ್ ಆಸ್ಟ್ರಪ್ ಮೊದಲಾದವರು ಬಬೂನ್ ಕಪಿಗಳಲ್ಲಿ ಇಂಥ ಪ್ರಯೋಗ ನಡೆಸಿದರು. ನೂರು ಗ್ರಾಮ್ ಮೆದುಳಿಗೆ ನಿಮಿಷಕ್ಕೆ ಸುಮಾರು ೫೦ ಮಿಲಿಲೀಟರ್ ರಕ್ತ ಹರಿಯುವುದು ವಾಡಿಕೆ. ಅದು ೨೦ರ ಕೆಳಗಿಳಿದರೆ ನರಕೋಶಗಳ ವಿದ್ಯುತ್ ವ್ಯಾಪಾರ ನಿಲ್ಲುತ್ತದೆ. ಆದರೆ ಕೋಶ ಸಾಯುವುದಿಲ್ಲ. ೧೦ರ ಆಸುಪಾಸಿಗೆ ಬಂದಾಗ ಕೋಶದ ಗೋಡೆ ಸೋತು ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಸಾವು ಬರುತ್ತದೆ. ಈ ಎರಡು ಮೆಟ್ಟಿಲುಗಳ ನಡುವೆ ಮಾತು ನಿಂತ, ಆದರೆ ಉಸಿರು ನಿಲ್ಲದ ಒಂದು ಪ್ರದೇಶವಿದೆ. ೧೯೮೧ರಲ್ಲಿ ಆಸ್ಟ್ರಪ್, ಸೀಶೋ, ಸೈಮನ್ ಮೂವರೂ ಒಂದು ಲೇಖನದಲ್ಲಿ ಇದಕ್ಕೆ ‘ಪೆನಂಬ್ರಾ’ ಎಂಬ ಗ್ರಹಣದ ಹೆಸರನ್ನು ನೆಲೆಗೊಳಿಸಿದರು. ನಾವು ಅರೆನೆರಳು ಎನ್ನಬಹುದು. ಕನ್ನಡ ಮೇಷ್ಟರಿಗೆ ಇಂಥ ಪದ ಸಿಕ್ಕರೆ ಹಬ್ಬವೇ ಸರಿ. ಪೂರ್ಣ ನೆರಳಿನಲ್ಲಿ ಬಿದ್ದ ಭಾಗಕ್ಕೆ ಮೋಕ್ಷವಿಲ್ಲ, ಅರೆನೆರಳಿನ ಭಾಗಕ್ಕೆ ಗ್ರಹಣ ಬಿಡಿಸಲು ಬರುತ್ತದೆ, ಹೊತ್ತು ಮೀರದಿದ್ದರೆ.

ಆ ಅರೆನೆರಳನ್ನು ಕಣ್ಣಿಂದ ನೋಡುವುದು ಹೇಗೆ? ಉತ್ತರ ಸಿಕ್ಕಿದ್ದು ಬೆಕ್ಕುಗಳಲ್ಲಿ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕಿನ ಮೆದುಳಿನ ಒಂದು ಮುಖ್ಯ ನಾಳವನ್ನು ಮುಚ್ಚಿ, ಕಾಂತಬಲದಿಂದ ತೆಗೆಯುವ ಎಮ್.ಆರ್.ಐ. ಚಿತ್ರಗಳಲ್ಲಿ ನೀರಿನ ಕಣಗಳ ಅಲೆದಾಟವನ್ನು ಅಳೆದರು. ಕೋಶ ಸೋತೊಡನೆ ನೀರು ಒಳಕ್ಕೆ ನುಗ್ಗಿ ಕೋಶ ಊದುತ್ತದೆ, ನೀರಿನ ಸಂಚಾರಕ್ಕೆ ಜಾಗ ಕಿರಿದಾಗುತ್ತದೆ, ಆ ಭಾಗ ಚಿತ್ರದಲ್ಲಿ ಹೊಳೆಯುತ್ತದೆ. ನಾಳ ಮುಚ್ಚಿದ ೪೫ ನಿಮಿಷಕ್ಕೆಲ್ಲ ಅದು ಕಂಡಿತು, ಸಾಧಾರಣ ಎಮ್.ಆರ್.ಐ. ಚಿತ್ರದಲ್ಲಿ ಅದೇ ಭಾಗ ಕಾಣಲು ಇನ್ನೂ ಎರಡು ಮೂರು ಗಂಟೆ ಬೇಕಾಯಿತು. ಇದು ಪ್ರಕಟವಾದದ್ದು ೧೯೯೦ರಲ್ಲಿ.

ಬೆಕ್ಕಿನ ಮೇಲೆ ಇಲಿ ಬಂತು. ಕುತ್ತಿಗೆಯ ನಾಳದಿಂದ ಸಣ್ಣ ನೈಲಾನ್ ಎಳೆಯೊಂದನ್ನು ತೂರಿಸಿ ಮೆದುಳಿನ ನಾಳವನ್ನು ಮುಚ್ಚುವ ಉಪಾಯವನ್ನು ಜಪಾನಿನ ಕೊಯಿಜುಮಿ ೧೯೮೬ರಲ್ಲೇ ತೋರಿಸಿದ್ದರು. ಎಳೆಯನ್ನು ಹಿಂದಕ್ಕೆಳೆದರೆ ರಕ್ತ ಮತ್ತೆ ಹರಿಯುತ್ತದೆ. ಹೀಗೆ ಮುಚ್ಚಿ, ತೆರೆದು, ನಡುನಡುವೆ ಚಿತ್ರ ತೆಗೆದು, ಮರುದಿನ ಮೆದುಳನ್ನು ಹೋಳು ಮಾಡಿ ಒಂದು ಬಣ್ಣವಿಲ್ಲದ ದ್ರಾವಣದಲ್ಲಿ ಅದ್ದುತ್ತಾರೆ. ಬದುಕಿದ ಭಾಗ ಕೆಂಪಾಗುತ್ತದೆ, ಸತ್ತ ಭಾಗ ಬಿಳಿಚಿಕೊಂಡಿರುತ್ತದೆ. ನಿನ್ನೆಯ ಚಿತ್ರ ನುಡಿದ ಭವಿಷ್ಯ ಎಷ್ಟರಮಟ್ಟಿಗೆ ನಿಜವಾಯಿತೆಂದು ತಾಳೆ ನೋಡುವ ಬಗೆ ಇದು. ರಕ್ತ ಕಡಮೆಯಾದ ಪ್ರದೇಶ ದೊಡ್ಡದಾಗಿದ್ದು ಹೊಳೆಯುವ ಪ್ರದೇಶ ಚಿಕ್ಕದಾಗಿದ್ದರೆ, ನಡುವಿನ ಅಂತರವೇ ಸ್ಥೂಲವಾಗಿ ಅರೆನೆರಳು. ನಾಳ ತೆರೆಯದಿದ್ದರೆ ಹೊಳಪು ಹಬ್ಬಿ ಅದನ್ನೂ ನುಂಗುತ್ತದೆ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ವಾಚಕರು ತಿಳಿಯಬಾರದು. ಚಿತ್ರ ಗೆದ್ದಿತು, ಔಷಧ ಸೋತಿತು. ಆಸ್ಟ್ರೇಲಿಯದ ಸಂಶೋಧಕರು ೨೦೦೬ರಲ್ಲಿ ಲೆಕ್ಕ ಹಾಕಿದಾಗ ಲಕ್ವಾಕ್ಕಾಗಿ ಪ್ರಯೋಗಕ್ಕೆ ಬಂದ ಚಿಕಿತ್ಸೆಗಳು ೧೦೨೬. ಅವುಗಳಲ್ಲಿ ಮನುಷ್ಯರವರೆಗೆ ಬಂದವು ೧೧೪. ಕೋಶವನ್ನು ಕಾಪಾಡುತ್ತೇವೆಂದು ಇಲಿಯಲ್ಲಿ ಮೆರೆದ ಮದ್ದುಗಳು ಒಂದರ ಹಿಂದೊಂದು ರೋಗಿಯ ಮಂಚದ ಬಳಿ ಕೈಚೆಲ್ಲಿದುವು. ಇಲಿಯ ಮೆದುಳು ಎರಡು ಗ್ರಾಮ್, ಮೇಲೆಲ್ಲ ನುಣುಪು. ನಮ್ಮದು ಸಾವಿರದ ಮುನ್ನೂರು ಗ್ರಾಮಿಗೂ ಮಿಕ್ಕದ್ದು, ಮಡಿಕೆಮಡಿಕೆಯಾದದ್ದು. ಪ್ರಯೋಗದ ಇಲಿ ಬಹುಪಾಲು ಗಂಡು, ಎಳೆಯದು, ಆರೋಗ್ಯವಂತ. ಆಸ್ಪತ್ರೆಗೆ ಬರುವವರು ಮುದುಕರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು. ಇಷ್ಟು ಸರಳವಾದ ಮಾತನ್ನು ಪಂಡಿತರು ಅಷ್ಟು ವರ್ಷ ಮರೆತದ್ದೇಕೆ ಎಂದು ನನ್ನಂಥ ಹೊರಗಿನವನಿಗೆ ಆಶ್ಚರ್ಯವಾಗುತ್ತದೆ. ತಾಳ್ಮೆಯಿಂದ ನಡೆಸದ ಪ್ರಯೋಗದಲ್ಲಿ ಸತ್ತ ಪ್ರಾಣಿ ವ್ಯರ್ಥವಾಗಿ ಸತ್ತಿತು ಎಂದೇ ಹೇಳಬೇಕು. ರುಕ್ಮಿಣೀದೇವಿ ಅರುಂಡೇಲ್ ಅವರು ೧೯೫೩ರಲ್ಲಿ ರಾಜ್ಯಸಭೆಯ ಮುಂದೆ ತಂದ ಮಸೂದೆಯ ಪ್ರೇರಣೆಯಿಂದ ಹುಟ್ಟಿದ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಯೋಗವನ್ನು ನಿಷೇಧಿಸಲಿಲ್ಲ. ಅನಾವಶ್ಯಕ ನೋವನ್ನು ತಡೆಯಲು ಸಮಿತಿಗೆ ಎಡೆಮಾಡಿಕೊಟ್ಟಿತು. ಆ ಮಧ್ಯಮ ಮಾರ್ಗವೇ ವಿವೇಕದ್ದೆಂದು ನನ್ನ ಎಣಿಕೆ.

ಗೆದ್ದ ಚಿತ್ರ ಕೊನೆಗೆ ಮನುಷ್ಯನ ಕೆಲಸಕ್ಕೆ ಬಂದದ್ದು ೨೦೧೮ರಲ್ಲಿ. ಹೆಪ್ಪು ಕರಗಿಸುವ ಮದ್ದು ೧೯೯೫ರಿಂದ ಇದ್ದರೂ ಅದಕ್ಕೆ ಮೊದಲು ಮೂರು ಗಂಟೆಯ, ೨೦೦೮ರ ಪ್ರಯೋಗದ ಮೇಲೆ ನಾಲ್ಕೂವರೆ ಗಂಟೆಯ ಗಡುವು. ‘ಡಾನ್’ ಎಂಬ ಪ್ರಯೋಗದಲ್ಲಿ ಆರರಿಂದ ಇಪ್ಪತ್ತನಾಲ್ಕು ಗಂಟೆ ಕಳೆದವರಲ್ಲಿ, ಉಳಿಸತಕ್ಕ ಮೆದುಳು ಇನ್ನೂ ಇದೆಯೆಂದು ಚಿತ್ರ ತೋರಿಸಿದವರನ್ನು ಮಾತ್ರ ಆರಿಸಿ, ತಂತಿಯಿಂದ ಹೆಪ್ಪನ್ನು ಎಳೆದು ತೆಗೆದರು. ಮೂರು ತಿಂಗಳ ಮೇಲೆ ಸ್ವತಂತ್ರವಾಗಿ ಬಾಳಬಲ್ಲವರು ಆ ಗುಂಪಿನಲ್ಲಿ ನೂರಕ್ಕೆ ೪೯; ಹಾಗೆ ಮಾಡದ ಗುಂಪಿನಲ್ಲಿ ೧೩.

ನಮ್ಮ ನಾಡಿನ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆದುವು. ಅಲ್ಲಿನ ಎಮ್. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ಪೇಟೆ, ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ ೨೦೦೪ರಲ್ಲಿ ಫಲಿತಾಂಶ ಪ್ರಕಟಿಸಿದರು. ನರರೋಗಗಳ ಪ್ರಮಾಣ ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿ ಎಂದು ಕಂಡಿತು. ಯಂತ್ರ, ತಜ್ಞರು ಮಾತ್ರ ಪೇಟೆಯಲ್ಲಿ. ಹಳಿಯಾಳದಿಂದ ಧಾರವಾಡಕ್ಕೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ, ಹುಬ್ಬಳ್ಳಿ ಇನ್ನೂ ಮುಂದೆ. ಜೋಯಿಡಾದ ಕಾಡಿನೊಳಗಿನ ಮನೆಯಿಂದ ಡಾಂಬರು ರಸ್ತೆಗೆ ಬರುವಷ್ಟರಲ್ಲೇ ಗಡುವಿನ ಒಂದು ಪಾಲು ಕರಗುತ್ತದೆ. ನಡುವೆ ನಾಟಿ ಮದ್ದಿನವರ ಮನೆಗೆ ಹೋಗಿಬಂದರೆ ಉಳಿದದ್ದೂ ಹೋಯಿತು.

ಆಸ್ಪತ್ರೆ ಮುಟ್ಟಿದ ಮೇಲೆ ವೈದ್ಯರು ಕೇಳುವ ಮೊದಲ ಪ್ರಶ್ನೆ, “ಇವರು ಸರಿಯಾಗಿದ್ದದ್ದನ್ನು ಕಡೆಗೆ ನೋಡಿದ್ದು ಎಷ್ಟು ಗಂಟೆಗೆ?” ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಕೈ ಎತ್ತಲಾರದೆ ಎದ್ದರೆ ಮನೆಯವರು ಏನು ಹೇಳಿಯಾರು? ಇಂಥವರಿಗೆ ಬಹುಕಾಲ ಮದ್ದೇ ಕೊಡುತ್ತಿರಲಿಲ್ಲ. ೨೦೧೮ರಲ್ಲೇ ಪ್ರಕಟವಾದ ‘ವೇಕ್‌-ಅಪ್’ ಎಂಬ ಯುರೋಪಿನ ಪ್ರಯೋಗ ಈ ಗಂಟನ್ನು ಬಿಚ್ಚಿತು. ನೀರಿನ ಅಲೆದಾಟದ ಚಿತ್ರದಲ್ಲಿ ಪೆಟ್ಟು ಹೊಳೆಯುತ್ತಿದೆ, ಇನ್ನೊಂದು ಬಗೆಯ ಎಮ್.ಆರ್.ಐ. ಚಿತ್ರದಲ್ಲಿ ಇನ್ನೂ ಕಾಣುತ್ತಿಲ್ಲವೆಂದರೆ, ಪೆಟ್ಟು ಬಿದ್ದು ನಾಲ್ಕೂವರೆ ಗಂಟೆ ಆಗಿರಲಾರದೆಂದು ಎಣಿಸಿ ಮದ್ದು ಕೊಟ್ಟರು. ಚೆನ್ನಾಗಿ ಚೇತರಿಸಿಕೊಂಡವರು ಮದ್ದು ಪಡೆದವರಲ್ಲಿ ನೂರಕ್ಕೆ ೫೩, ಪಡೆಯದವರಲ್ಲಿ ೪೨. ಮೊದಲು ಒಂದು ಚಿತ್ರ, ತಡವಾಗಿ ಇನ್ನೊಂದು ಎಂಬ ಆ ಕ್ರಮ ೧೯೯೦ರಲ್ಲಿ ಬೆಕ್ಕುಗಳ ತಲೆಯಲ್ಲಿ ಕಂಡಿದ್ದ ಕ್ರಮವೇ.