ದ್ವೇಷದ ಕಾನೂನಿಗೆ ಬೀಗ, ಕೀಲಿಕೈ ಯಾರ ಹತ್ತಿರ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹೋದ ವಾರ ನಮ್ಮ ಕೇರಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ವಾಟ್ಸಾಪ್ ಗ್ರೂಪಲ್ಲಿ ಬಾಬಾಸಾಹೇಬರನ್ನೂ ನಮ್ಮ ಜನರನ್ನೂ ಹೊಲಸು ಮಾತಲ್ಲಿ ಬೈದವನ ಮೇಲೆ ದೂರು ಕೊಟ್ಟು ಎರಡು ವರ್ಷ ಆಯ್ತು. "ಅಣ್ಣಾ, ಎಫ್‌ಐಆರ್ ಆಗಿದೆ, ಕೇಸು ಮಾತ್ರ ಮುಂದಕ್ಕೆ ಹೋಗ್ತಿಲ್ಲ. ಕೇಳಿದ್ರೆ ಸರ್ಕಾರದ ಮಂಜೂರಾತಿ ಬಂದಿಲ್ಲ ಅಂತಾರೆ. ಅವನು ಬೈಯೋಕೆ ಯಾರ ಮಂಜೂರಾತಿ ತಗೊಂಡಿದ್ದ?" ಅಂದ.

ಇಪ್ಪತ್ತು ವರ್ಷದಿಂದ ಕಡತ ಹೊರುತ್ತಿರುವ ಗುಮಾಸ್ತ ನಾನು. ಕಡತವೊಂದನ್ನು ಸಾಯಿಸೋಕೆ ತಿರಸ್ಕರಿಸಬೇಕಿಲ್ಲ, "ಚರ್ಚಿಸಿ" ಅಂತ ಬರೆದು ವಾಪಸ್ ಕಳಿಸಿದರೆ ಸಾಕು. ಆದರೆ ದ್ವೇಷದ ಕೇಸಿಗೆ ಈ ಮಂಜೂರಾತಿ ಎಲ್ಲಿಂದ ಅಂಟಿಕೊಂಡಿತು? ಅದು ತಿಳಿಯಬೇಕಾದರೆ 1927ಕ್ಕೆ ಹೋಗಬೇಕು.

ಆ ವರ್ಷ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ನಮ್ಮ ಸಾವಿರಾರು ಜನ ಮಹಾಡದ ಚೌಡಾರ್ ಕೆರೆಗೆ ನಡೆದು ನೀರು ಕುಡಿದರು. ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಕಾಗದದಲ್ಲಿ ತೆರೆದಿದ್ದ ಕೆರೆ ಊರಲ್ಲಿ ಮುಚ್ಚಿತ್ತು. ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಗಾಳಿಸುದ್ದಿ ಹಬ್ಬಿಸಿ ನಮ್ಮವರಿಗೆ ಬಡಿದರು. ಆಮೇಲೆ ಸಗಣಿ, ಗಂಜಲ ಸುರಿದು ಕೆರೆಯನ್ನು "ಶುದ್ಧ" ಮಾಡಿದರು. ಹೊಡೆದದ್ದಕ್ಕೆ ಕೇಸೇನೋ ಆಯಿತು. ಆದರೆ ಹೊಡೆತದ ಹಿಂದಿದ್ದ ಅಸ್ಪೃಶ್ಯತೆಗೆ ಕಾನೂನು ಪುಸ್ತಕದಲ್ಲಿ ಹೆಸರೇ ಇರಲಿಲ್ಲ.

ಅದೇ 1927ರಲ್ಲಿ ಲಾಹೋರಿನಲ್ಲಿ ಇನ್ನೊಂದು ವಿಷಯ ಹೊತ್ತಿ ಉರಿಯಿತು. ಪ್ರವಾದಿಯವರನ್ನು ಹೀಯಾಳಿಸಿದ ಪುಸ್ತಿಕೆಯ ಪ್ರಕಾಶಕನನ್ನು ಹೈಕೋರ್ಟ್ ಬಿಡುಗಡೆ ಮಾಡಿತು. 1898ರಲ್ಲೇ ಬಂದಿದ್ದ 153ಎ ಕಲಂ ಇದಕ್ಕೆ ಅನ್ವಯಿಸಲ್ಲ ಅಂತ ತೀರ್ಪು. ಮುಸ್ಲಿಮರ ನೋವು ಸುಳ್ಳಲ್ಲ. ಸರ್ಕಾರವೂ ಬೆಚ್ಚಿತು. ಅದೇ ವರ್ಷ 295ಎ ಕಲಂ ತಂದಿತು: ಧಾರ್ಮಿಕ ಭಾವನೆಯನ್ನು ದುರುದ್ದೇಶದಿಂದ ಕೆರಳಿಸುವುದು ಅಪರಾಧ. ಆದರೂ 1929ರಲ್ಲಿ ಆ ಪ್ರಕಾಶಕನ ಕೊಲೆಯಾಯಿತು.

ಲೆಕ್ಕ ಹಾಕಿ. ಭಾವನೆಗೆ ಪೆಟ್ಟಾದಾಗ ಕೆಲವೇ ತಿಂಗಳಲ್ಲಿ ಕಾನೂನು ಬಂತು. ನಮ್ಮವರ ತಲೆಗೆ ಬಿದ್ದ ಪೆಟ್ಟಿಗೆ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಿದ್ದು 1955ರಲ್ಲಿ, ಅಂದರೆ 28 ವರ್ಷದ ನಂತರ. ಅದೂ ಬಾಬಾಸಾಹೇಬರ ಸಂವಿಧಾನದಲ್ಲಿ 17ನೇ ವಿಧಿ ಇದ್ದದ್ದಕ್ಕೆ. 153ಎ ಒಳಗೆ "ಜಾತಿ" ಅನ್ನೋ ಪದ ಸೇರಿದ್ದು 1961ರ ತಿದ್ದುಪಡಿಯಲ್ಲಿ.

ಬ್ರಿಟಿಷರಿಗೆ ಬೇಕಿದ್ದದ್ದು ಶಾಂತಿ, ಗಲಾಟೆ ಆಗಬಾರದು ಅಷ್ಟೇ. ಯಾರಿಗೆ ಅನ್ಯಾಯ ಆಯಿತು ಅನ್ನೋದು ಆಮೇಲಿನ ಮಾತು. ಹಾಗಾಗಿ ಈ ಎರಡೂ ಕಲಮಿಗೆ ಬೀಗ ಜಡಿದರು: ಸರ್ಕಾರದ ಪೂರ್ವ ಮಂಜೂರಾತಿ ಇಲ್ಲದೆ ಕೋರ್ಟು ಕೇಸನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಸ್ವಾತಂತ್ರ್ಯ ಬಂತು, ಬೀಗ ಉಳಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 196ನೇ ಕಲಂ, 2024ರ ಜುಲೈನಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 217. ಯಾವ ದ್ವೇಷ ದ್ವೇಷವೆಂದು ಕೋರ್ಟಿಗೆ ಹೋಗಬೇಕು ಅನ್ನೋದನ್ನು ಇವತ್ತಿಗೂ ಅಧಿಕಾರದಲ್ಲಿ ಕೂತವರೇ ಮೊದಲು ತೀರ್ಮಾನಿಸುತ್ತಾರೆ. ದ್ವೇಷ ಕಾರುವವನು ಅವರವನೇ ಆಗಿದ್ದರೆ? ಕಡತಕ್ಕೆ ಧೂಳು.

1989ರ ದೌರ್ಜನ್ಯ ತಡೆ ಕಾಯ್ದೆಯ ಬೆಲೆ ಇಲ್ಲಿ ಗೊತ್ತಾಗುತ್ತೆ. ಜಾತಿ ದೌರ್ಜನ್ಯ ಮಾಡಿದವನನ್ನು ಕೋರ್ಟಿಗೆ ಎಳೆಯೋಕೆ ಅಲ್ಲಿ ಈ ಮಂಜೂರಾತಿ ಬೇಕಿಲ್ಲ. ಅದಕ್ಕೂ ಬೀಗ ಹಾಕಲು ನೋಡಿದರು. 2018ರ ಮಾರ್ಚ್ 20, ಅಂದರೆ ಚೌಡಾರ್ ಕೆರೆಯ ದಿನವೇ, ಸುಪ್ರೀಂ ಕೋರ್ಟಿನ ತೀರ್ಪು ಬಂತು: ಬಂಧಿಸಲು ಮೇಲಧಿಕಾರಿಯ ಅನುಮತಿ ಬೇಕು, ಕೇಸಿಗೆ ಮೊದಲು ಪ್ರಾಥಮಿಕ ವಿಚಾರಣೆ ಆಗಬಹುದು ಅಂತ. ಏಪ್ರಿಲ್ 2ರಂದು ಭಾರತ ಬಂದ್ ಆಯಿತು. ಉತ್ತರದ ರಾಜ್ಯಗಳಲ್ಲಿ ಹಲವರು ಜೀವ ಕೊಟ್ಟರು. ನಾನು ಅವತ್ತು ರಜೆ ಚೀಟಿಯಲ್ಲಿ "ಸ್ವಂತ ಕೆಲಸ ನಿಮಿತ್ತ" ಅಂತ ಬರೆದು ಬೀದಿಗಿಳಿದೆ. ಸುಳ್ಳೇನೂ ಬರೆದಿರಲಿಲ್ಲ. ಅದೇ ವರ್ಷ ಸಂಸತ್ತು 18ಎ ಕಲಂ ತಂದು ಆ ಬೀಗ ಕಿತ್ತುಹಾಕಿತು.

ಬೀಗ ಇಲ್ಲದಿದ್ದರೆ ನ್ಯಾಯ ಸಿಕ್ಕೇಬಿಡುತ್ತೆ ಅಂತಲೂ ಅಲ್ಲ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಬಾಗಿಲು ತೆರೆದರೆ ಸಾಲದು, ಒಳಗೆ ಹೋದವರ ಬೆನ್ನಿಗೆ ಜನ ನಿಲ್ಲಬೇಕು.

ನಮ್ಮ ರಾಜ್ಯದ ವಿಧಾನಮಂಡಲವೂ 2025ರ ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಶಿಕ್ಷೆ ಎಷ್ಟು ವರ್ಷ ಅಂತ ಎಲ್ಲರೂ ಜಗಳ ಆಡಿದರು. ಗುಮಾಸ್ತನಾಗಿ ನನ್ನ ಪ್ರಶ್ನೆ ಬೇರೆ. ಕಡತ ಯಾರ ಟೇಬಲ್ ಮೇಲೆ ಕೂರುತ್ತೆ, ಎಷ್ಟು ದಿನ?

ಆ ಹುಡುಗನ ಎಫ್‌ಐಆರ್ ತೆಗೆದು ನೋಡಿದೆ. ಬರೀ 153ಎ ಹಾಕಿದ್ದಾರೆ. 2015ರ ತಿದ್ದುಪಡಿಯಿಂದ ದೌರ್ಜನ್ಯ ಕಾಯ್ದೆಯ 3(1)(ಯು) ನಮ್ಮ ವಿರುದ್ಧ ದ್ವೇಷ ಹಬ್ಬಿಸುವುದನ್ನೂ, 3(1)(ವಿ) ನಾವು ಗೌರವಿಸುವ ದಿವಂಗತರನ್ನು ಅವಮಾನಿಸುವುದನ್ನೂ ಅಪರಾಧ ಅನ್ನುತ್ತೆ. ಇವೆರಡನ್ನೂ ಸೇರಿಸಿ ಅಂತ ಎಸ್ಪಿಗೆ ಮನವಿ, ಮಂಜೂರಾತಿ ಕಡತ ಎಲ್ಲಿದೆ ಅಂತ ಮಾಹಿತಿ ಹಕ್ಕಿನ ಅರ್ಜಿ, ಎರಡೂ ಬರೆದುಕೊಟ್ಟೆ.

ನೀವೂ ದೂರು ಕೊಡುವಾಗ ಈ ಎರಡು ಉಪಕಲಂ ಬರೆಸದೆ ಸ್ಟೇಷನ್ನಿಂದ ಎದ್ದು ಬರಬೇಡಿ. ನಿಮ್ಮ ಕೇರಿಯ ಹುಡುಗರಿಗೂ ಹೇಳಿ.

ಜೈಭೀಮ್.