ಹಡಗು ಕೊಟ್ಟ ಬಿಡುವು

ಬೆಂಗಳೂರಿನ ಕೋಣನಕುಂಟೆ ಕಡಲಿನಿಂದ ಬಹುದೂರ, ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಇಂಥ ಊರಿನವರು ನಾರ್ವೆಯ ಕಡಲಲ್ಲಿ ರಜೆ ಕಳೆಯಲು ಹಂಬಲಿಸಿದರೆ ಅದು ಹೊಸ ಹಣದ ಹುಚ್ಚು ಎನ್ನುವುದು ಸುಲಭ. ನಾನದನ್ನು ಒಪ್ಪುವುದಿಲ್ಲ. ಕಡಲ ದಿನಗಳ ಸುಖವನ್ನು ಹುಟ್ಟಿಸಿದ್ದು ವೈಭವವಲ್ಲ, ದಡ ಸೇರುವ ತನಕ ಹಡಗು ಬಲವಂತವಾಗಿ ಕೊಟ್ಟ ಬಿಡುವು. 1893ರ ಜುಲೈ 2ರಂದು ತ್ರೋಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ಹೊರಟ ನಾರ್ವೆಯ ನಾವಿಕ ರಿಚರ್ಡ್ ವಿತ್‌ನ ‘ವೆಸ್ಟೆರಾಲೆನ್’ ಅಂಚೆ, ಸರಕು, ಜನರನ್ನು ಒಯ್ಯುವ ಹಡಗು. ಆ ಮಾರ್ಗವೇ ಮುಂದೆ ನಡುರಾತ್ರಿಯ ಸೂರ್ಯನನ್ನು ಅರಸುವವರ ದಾರಿಯಾಯಿತು. 1891ರಲ್ಲಿ ಜರ್ಮನ್ ಹಡಗು ಉದ್ಯಮಿ ಆಲ್ಬರ್ಟ್ ಬಾಲಿನ್ ‘ಆಗಸ್ಟಾ ವಿಕ್ಟೋರಿಯಾ’ವನ್ನು ಮೆಡಿಟರೇನಿಯನ್ ವಿಹಾರಕ್ಕೆ ಕಳಿಸಿದ್ದೂ ಚಳಿಗಾಲದಲ್ಲಿ ಅಟ್ಲಾಂಟಿಕ್ ಪ್ರಯಾಣಿಕರಿಲ್ಲದೆ ಹಡಗು ಸುಮ್ಮನೆ ನಿಲ್ಲಬಾರದೆಂದು.

ಕನ್ನಡದಲ್ಲಿ ಈ ಬಿಡುವಿನ ಸುಖಕ್ಕೆ ದೊಡ್ಡ ಸಾಕ್ಷಿ ಕವಿ ವಿ.ಕೃ. ಗೋಕಾಕರು. ಒಳನಾಡಿನ ಸವಣೂರಿನಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ ಓದಲೆಂದು ಆಕ್ಸ್‌ಫರ್ಡ್‌ಗೆ ಹಡಗಿನಲ್ಲಿ ಹೋದರು. ಆ ಅನುಭವದಿಂದ ಬಂದ ‘ಸಮುದ್ರ ಗೀತೆಗಳು’ ಕನ್ನಡದ ಮುಕ್ತಛಂದಕ್ಕೆ ದಾರಿ ತೆರೆಯಿತು. ಅವರು ಹೋದದ್ದು ಓದಲು, ವಿಹಾರಕ್ಕಲ್ಲ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಉದ್ದೇಶ ಬೇರೆಯಾಗಿದ್ದೂ ಕಡಲು ಮನಸ್ಸನ್ನು ಹಿಡಿಯಿತೆಂಬುದು ನನ್ನ ವಾದವನ್ನೇ ಬಲಪಡಿಸುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮೇಲಿನ ಅಟ್ಟದಲ್ಲಿ ಕೆಲವರು ಅಲೆ ನೋಡುತ್ತಿದ್ದಾಗ ಕೆಳಗೆ ಕುಲುಮೆಯ ಕಾವಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರಲ್ಲಿ ನಮ್ಮ ಉಪಖಂಡದ ಲಷ್ಕರರೂ, ಅಂದರೆ ಹಡಗಿನ ಕೆಲಸಗಾರರೂ, ಬಹಳ ಮಂದಿ. ಅದೇ ಹಡಗು, ಅದೇ ದಿನಗಳು. ಅವರಿಗೆ ಮಾತ್ರ ಬಿಡುವಿರಲಿಲ್ಲ. ಕಡಲ ವಿಹಾರದ ಚರಿತ್ರೆ ಬರೆಯುವವರು ಗೋಕಾಕರ ಪಕ್ಕದಲ್ಲೇ ಆ ಕೆಲಸಗಾರರಿಗೂ ಪುಟ ಕೊಡಬೇಕು.